ಡ್ಯೂಕನ ಮಹಲು, ದೇಸಾಯರ ವಾಡೆ

ಹಳೆ ಪುಸ್ತಕಗಳ ರಾಶಿಯಲ್ಲಿ ಈ ಕಾದಂಬರಿಗಳನ್ನು ಗುರುತಿಸುವುದು ಕಷ್ಟವಲ್ಲ. ಮುಖಪುಟದ ಗಂಡಸು ಮೊಣಕಾಲಿನವರೆಗೆ ಬೂಟು ತೊಟ್ಟು, ಕೊರಳಿಗೆ ಬಿಳಿ ವಸ್ತ್ರ ಬಿಗಿದು ಸುತ್ತಿಕೊಂಡಿರುತ್ತಾನೆ. ಹೆಣ್ಣಿನ ನಿಲುವಂಗಿ ಎದೆಯ ಕೆಳಗೇ ನೆರಿಗೆ ಹಿಡಿದು ಪಾದದವರೆಗೆ ಇಳಿದಿರುತ್ತದೆ. ಹಿಂದೆ ಒಂದು ಕುದುರೆ ಸಾರೋಟು, ದೂರದಲ್ಲಿ ಸಾಲು ಕಿಟಕಿಗಳ ಮಹಲು. ಇಂಗ್ಲಿಷಿನವರು ‘ರೀಜೆನ್ಸಿ ರೊಮಾನ್ಸ್’ ಎಂದು ಕರೆಯುವ ಈ ಪುಸ್ತಕಗಳ ಆಯುಷ್ಯದ ಬಹುಭಾಗ ಕಳೆಯುವುದು ಎರಡನೇ ಕೈ, ಮೂರನೇ ಕೈಗಳಲ್ಲಿ. ಒಮ್ಮೆ ಓದಿ ಮುಗಿಸಿದ್ದನ್ನು ಕೊಟ್ಟು, ಮೇಲೆ ಒಂದಿಷ್ಟು ಹಣ ಸೇರಿಸಿ, ಇನ್ನೊಂದನ್ನು ತರುವುದು ಇವುಗಳ ಓದುಗರ ಹಳೆಯ ರೂಢಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರಿಗೆ ದೊಡ್ಡ ಪೇಟೆಯೆಂದರೆ ಒಂದು ದಿಕ್ಕಿಗೆ ಬೆಳಗಾವಿ, ಇನ್ನೊಂದು ದಿಕ್ಕಿಗೆ ಕೊಲ್ಲಾಪುರ, ಮಿರಜ, ಸಾಂಗ್ಲಿ. ನಿಪ್ಪಾಣಿಯ ಹುಡುಗ ಹುಡುಗಿಯರಿಗೆ ಊರಿನೊಳಗೆ ಕರ್ನಾಟಕದ ಕಾಲೇಜೂ ಉಂಟು, ಊರಿಗೆ ತಾಗಿದಂತೆ ಗಡಿಯಾಚೆಯ ಅರ್ಜುನನಗರದಲ್ಲಿ ಮಹಾರಾಷ್ಟ್ರದ ದೇವಚಂದ ಕಾಲೇಜೂ ಉಂಟು. ಇಂಥ ಸೀಮೆಯಲ್ಲಿ ಪುಸ್ತಕಕ್ಕೆ ಗಡಿಯ ಹಂಗಿಲ್ಲ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಒಂದೇ ಮನೆಯ ಗೂಡಿನಲ್ಲಿ ಒತ್ತೊತ್ತಾಗಿ ಕೂಡುವುದು ಇಲ್ಲಿ ಹೊಸತಲ್ಲ.

ಆದರೆ ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಒಬ್ಬ ಸರದಾರನ ಪ್ರೇಮಕಥೆಯಲ್ಲಿ ಕೃಷ್ಣಾ ತೀರದ ಓದುಗರಿಗೆ ಏನು ಸಿಕ್ಕೀತು? ಮೇಲುನೋಟಕ್ಕೆ ಏನೂ ಇಲ್ಲ. ಕಥೆಯ ಗಂಟನ್ನು ಬಿಚ್ಚಿ ನೋಡಿದರೆ ಮಾತ್ರ, ಅದು ಈ ನೆಲಕ್ಕೆ ಚೆನ್ನಾಗಿ ಗೊತ್ತಿರುವ ಗಂಟೇ ಎಂಬುದು ತಿಳಿಯುತ್ತದೆ.

ಒಂಬತ್ತು ವರ್ಷಗಳ ಕಾಲ

‘ರೀಜೆನ್ಸಿ’ ಎಂದರೆ ರಾಜಪ್ರತಿನಿಧಿಯ ಆಳ್ವಿಕೆ. ದೊರೆ ಮೂರನೇ ಜಾರ್ಜ್ ಬುದ್ಧಿಭ್ರಮಣೆಗೆ ಒಳಗಾದಾಗ, 1811ರಲ್ಲಿ ಅವನ ಹಿರಿಯ ಮಗ ತಂದೆಯ ಪರವಾಗಿ ರಾಜ್ಯಭಾರ ವಹಿಸಿಕೊಂಡ. 1820ರಲ್ಲಿ ತಂದೆ ತೀರಿಕೊಂಡು, ಮಗ ನಾಲ್ಕನೇ ಜಾರ್ಜ್ ಆಗಿ ಪಟ್ಟವೇರಿದಾಗ ಈ ಅವಧಿ ಮುಗಿಯಿತು. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬೆಳಕು ಕಂಡದ್ದು 1813ರಲ್ಲಿ. ಆಕೆ ತನ್ನ ಕಾಲದ ಕಥೆಯನ್ನೇ ಬರೆದಳು. ಆ ಕಾಲವನ್ನು ಹಿಂದಿರುಗಿ ನೋಡಿ ಬರೆಯುವ ಜನಪ್ರಿಯ ಕಾದಂಬರಿಗೆ ಅಚ್ಚು ಹಾಕಿಕೊಟ್ಟವಳು ಜಾರ್ಜೆಟ್ ಹೇಯರ್. ಅವಳ ‘ರೀಜೆನ್ಸಿ ಬಕ್’ 1935ರಲ್ಲಿ ಬಂತು. ಅನಂತರ ಬಾರ್ಬರಾ ಕಾರ್ಟ್‌ಲ್ಯಾಂಡ್ ಮೊದಲಾದವರು ಇಂಥವನ್ನು ರಾಶಿ ರಾಶಿಯಾಗಿ ಬರೆದರು. ಜೂಲಿಯಾ ಕ್ವಿನ್ ಬರೆದ ‘ಬ್ರಿಜರ್ಟನ್’ ಮಾಲೆ 2020ರಲ್ಲಿ ಧಾರಾವಾಹಿಯಾಗಿ ತೆರೆಗೆ ಬಂದ ಮೇಲೆ ಹಳೆಯ ಪ್ರತಿಗಳಿಗೂ ಹೊಸ ಗಿರಾಕಿಗಳು ಹುಟ್ಟಿಕೊಂಡರು.

ಈ ಕಾದಂಬರಿಗಳಲ್ಲಿ ಡ್ಯೂಕ್‌ಗಳಿಗೆ ಬರವಿಲ್ಲ. ನಿಜವಾಗಿ ಆ ಕಾಲದಲ್ಲಿ ಇಡೀ ಬ್ರಿಟನ್ನಿನಲ್ಲಿ ಇದ್ದ ಡ್ಯೂಕ್‌ಗಳು ಮೂವತ್ತರ ಆಸುಪಾಸು. ಅವರಲ್ಲಿ ಅನೇಕರು ಮುದುಕರು, ಮದುವೆಯಾದವರು. ಕಾದಂಬರಿಯ ಡ್ಯೂಕನೋ ಮೂವತ್ತರ ಹರೆಯದವನು, ಸಿರಿವಂತ, ಅವಿವಾಹಿತ, ಸಿಡುಕ. ಅವನ ಎದುರು ನಿಲ್ಲುವವಳು ಕೈಯಲ್ಲಿ ಕಾಸಿಲ್ಲದ, ಆದರೆ ನಾಲಿಗೆ ಚುರುಕಾದ ಹೆಣ್ಣು. ಅವನ ಮೊದಲ ಪ್ರಸ್ತಾಪಕ್ಕೆ ಅವಳು ಒಲ್ಲೆ ಎನ್ನುತ್ತಾಳೆ. ಇಡೀ ಕಥೆ ನಿಂತಿರುವುದು ಆ ‘ಒಲ್ಲೆ’ ಎಂಬ ಮಾತಿನ ಮೇಲೆ.

ಒಲ್ಲೆ ಎನ್ನುವುದರ ಬೆಲೆ

ಆ ಮಾತಿಗೆ ಅಷ್ಟು ತೂಕ ಬರಲು ಕಾರಣ ಅಂದಿನ ಕಾನೂನು. ಇಂಗ್ಲೆಂಡಿನ ದೊಡ್ಡ ಜಮೀನುಗಳು ‘ಎಂಟೇಲ್’ ಎಂಬ ಕಟ್ಟಿಗೆ ಒಳಪಟ್ಟಿರುತ್ತಿದ್ದವು. ಆಸ್ತಿಯನ್ನು ಒಡೆಯುವಂತಿಲ್ಲ, ಮಾರುವಂತಿಲ್ಲ. ಸಾಮಾನ್ಯವಾಗಿ ಅದು ಗಂಡು ಸಂತಾನದ ಸಾಲಿನಲ್ಲೇ ಇಳಿಯಬೇಕು. ಆಸ್ಟಿನ್‌ಳ ಕಾದಂಬರಿಯಲ್ಲಿ ಐದು ಹೆಣ್ಣುಮಕ್ಕಳ ತಂದೆ ಸತ್ತರೆ ಮನೆ ಮಠ ಎಲ್ಲವೂ ದೂರದ ದಾಯಾದಿಯ ಪಾಲು. ಮದುವೆಯಾದ ಹೆಣ್ಣಿನ ಸ್ಥಿತಿ ಇನ್ನೂ ಬಿಗಿ. ಕಾನೂನಿನ ಕಣ್ಣಿಗೆ ಅವಳು ಗಂಡನಲ್ಲಿ ಕರಗಿಹೋದಂತೆ. ಅವಳ ಕೈಹಣ ಗಂಡನದಾಗುತ್ತಿತ್ತು. ಅವಳ ಜಮೀನಿನ ಉತ್ಪನ್ನವೂ ಅವನ ಹಿಡಿತಕ್ಕೆ ಬರುತ್ತಿತ್ತು. ಇದರಿಂದ ಪಾರಾಗಲು ಹಣವಂತ ತಂದೆಯಂದಿರು ಮದುವೆಗೆ ಮೊದಲೇ ಕರಾರು ಪತ್ರ ಬರೆಸಿಕೊಳ್ಳುತ್ತಿದ್ದರು. ಗಂಡ ಸತ್ತರೆ ವರ್ಷಕ್ಕೆ ಇಷ್ಟು, ಕೈಖರ್ಚಿಗೆ ಇಷ್ಟು ಎಂದು ಅದರಲ್ಲಿ ಗೊತ್ತುಮಾಡುತ್ತಿದ್ದರು. ಮದುವೆಯಾದ ಹೆಣ್ಣಿಗೆ ತನ್ನ ಆಸ್ತಿಯ ಮೇಲೆ ಪೂರ್ಣ ಅಧಿಕಾರ ಬಂದದ್ದು 1870 ಮತ್ತು 1882ರ ಕಾಯಿದೆಗಳಿಂದ.

ಹೀಗಿರುವಾಗ, ಆಸ್ತಿಯಿಲ್ಲದ ಹೆಣ್ಣು ವರ್ಷಕ್ಕೆ ಹತ್ತು ಸಾವಿರ ಪೌಂಡ್ ವರಮಾನದವನನ್ನು ಒಲ್ಲೆ ಎಂದರೆ, ಅದು ಬರಿಯ ಬಿಂಕವಲ್ಲ. ಮುಪ್ಪಿನ ಕೂಳನ್ನೇ ಪಣಕ್ಕಿಟ್ಟಂತೆ. ಹಟಮಾರಿ ನಾಯಕಿ ಓದುಗರಿಗೆ ಪ್ರಿಯಳಾಗುವುದು ಈ ಕಾರಣಕ್ಕೆ.

ಅದೇ ವರ್ಷಗಳಲ್ಲಿ ಇಲ್ಲಿ

ಲಂಡನ್ನಿನಲ್ಲಿ ನರ್ತನಕೂಟಗಳು ನಡೆಯುತ್ತಿದ್ದ ಆ ಕಾಲದಲ್ಲಿ ನಿಪ್ಪಾಣಿಯ ವಾಡೆಯಲ್ಲಿದ್ದವನು ಸಿದ್ಧೋಜಿರಾವ್ ನಿಂಬಾಳ್ಕರ್, ಜನರ ಬಾಯಲ್ಲಿ ಅಪ್ಪಾ ದೇಸಾಯಿ. ಪೇಶ್ವೆಯ ಪ್ರಬಲ ಸರದಾರರಲ್ಲಿ ಒಬ್ಬ. 1803ರಲ್ಲಿ ಇಂಗ್ಲಿಷ್ ಸೇನಾಪತಿ ಆರ್ಥರ್ ವೆಲೆಸ್ಲಿ ಧಾರವಾಡ ಸೀಮೆಯನ್ನು ದಾಟಿ ಮಿರಜದ ದಾರಿಯಾಗಿ ಪುಣೆಗೆ ಹೋದ. ಆ ವರ್ಷದ ಯುದ್ಧದಲ್ಲಿ ಅವನ ಜೊತೆಗಿದ್ದ ಮರಾಠಾ ಸರದಾರರಲ್ಲಿ ಅಪ್ಪಾ ದೇಸಾಯಿಯೂ ಇದ್ದ. ಅದೇ ವೆಲೆಸ್ಲಿ 1814ರಲ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ ಆದ. ಮರುವರ್ಷ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ರೀಜೆನ್ಸಿ ಕಾದಂಬರಿಗಳಲ್ಲಿ ಆಗಾಗ ಹೆಸರು ಕೇಳಿಬರುವ, ನಿಜವಾಗಿ ಬದುಕಿದ್ದ ಡ್ಯೂಕ್ ಅವನೇ.

ಚಿಕ್ಕೋಡಿಯ ಒಡೆತನವೂ ಆಗ ತೂಗುಯ್ಯಾಲೆಯಲ್ಲಿತ್ತು. ಚಿಕ್ಕೋಡಿ ಮತ್ತು ಮುನವಳ್ಳಿ ಸೀಮೆಗಳಿಗಾಗಿ ಕೊಲ್ಲಾಪುರದವರಿಗೂ ನಿಪ್ಪಾಣಿಯವರಿಗೂ ಬಹುಕಾಲ ಜಗ್ಗಾಟ ನಡೆದಿತ್ತು. ಪೇಶ್ವೆಯ ವಿರುದ್ಧದ ಕೊನೆಯ ಯುದ್ಧದಲ್ಲಿ ಕಂಪನಿಯ ಪಕ್ಷ ಹಿಡಿದ ಕೊಲ್ಲಾಪುರಕ್ಕೆ ಅವು ಬಹುಮಾನವಾಗಿ ದೊರೆತವು. 1820ರ ದಶಕ ಮುಗಿಯುವುದರೊಳಗೆ ಕಂಪನಿ ಅವನ್ನು ಹಿಂದಕ್ಕೆ ಪಡೆಯಿತು.

ಇಲ್ಲಿಯೂ ಕಥೆಯನ್ನು ತಿರುಗಿಸಿದ್ದು ವಾರಸಿನ ಪ್ರಶ್ನೆಯೇ. 1824ರಲ್ಲಿ ಕಿತ್ತೂರಿನ ಶಿವಲಿಂಗ ರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಚೆನ್ನಮ್ಮ ಒಲ್ಲೆ ಎಂದಳು. ಆ ಮಾತಿಗೆ ಅವಳು ತೆತ್ತ ಬೆಲೆ ಕಾದಂಬರಿಯ ಯಾವ ನಾಯಕಿಯೂ ತೆತ್ತದ್ದಲ್ಲ. ಅಕ್ಟೋಬರಿನ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಹತ್ತು ವರ್ಷಗಳ ಮೇಲೆ, 1839ರಲ್ಲಿ, ಅಪ್ಪಾ ದೇಸಾಯಿ ಸತ್ತಾಗ ನಿಪ್ಪಾಣಿಯ ಜಹಗೀರೂ ಕಂಪನಿಯ ವಶವಾಯಿತು.

ದೊಡ್ಡ ಸಂಸ್ಥಾನಗಳ ಮಾತು ಹಾಗಿರಲಿ. ಊರೂರಿನ ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ ಮನೆತನಗಳ ವತನವೂ ಇಂಗ್ಲೆಂಡಿನ ಎಂಟೇಲಿನ ಹತ್ತಿರದ ಬಂಧುವೇ. ಮುಂಬಯಿ ಪ್ರಾಂತದಲ್ಲಿ 1874ರ ಕಾಯಿದೆ ವತನವನ್ನು ಹೊರಗಿನವರಿಗೆ ಪರಭಾರೆ ಮಾಡದಂತೆ ಕಟ್ಟಿಹಾಕಿತು. 1886ರ ಐದನೇ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೊನೆಯ ಪುರುಷ ಒಡೆಯನ ವಿಧವೆಯನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳೆಲ್ಲ ವಾರಸಿನ ಸಾಲಿನಲ್ಲಿ ಮನೆತನದ ಗಂಡಸರ ಹಿಂದೆ ನಿಲ್ಲಬೇಕೆಂದು ವಿಧಿಸಿತು. ಸ್ವಂತ ಮಗಳಿದ್ದರೂ ಹೊಲ ದಾಯಾದಿಗೆ ಹೋಗಬಹುದಿತ್ತು. ಆಸ್ಟಿನ್‌ಳ ಐದು ಹೆಣ್ಣುಮಕ್ಕಳ ಪಾಡು ಅಥಣಿಯ ಅಥವಾ ರಾಯಬಾಗದ ವತನದಾರರ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಮ್ಮ ಕಾದಂಬರಿಗಳಲ್ಲಿ

ಈ ಭಾಗದ ಓದುಗರು ಪ್ರೇಮಕಥೆಗಾಗಿ ಇಂಗ್ಲಿಷನ್ನು ಕಾಯಬೇಕಾಗಿಯೂ ಇರಲಿಲ್ಲ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ನಾ. ಸೀ. ಫಡಕೆ ಮರಾಠಿಯಲ್ಲಿ ಪ್ರಣಯ ಕಾದಂಬರಿಯನ್ನು ಮನೆಮಾತಾಗಿಸಿದರು. ಅತ್ತ ಗಳಗನಾಥರು ರಾಜವೀರರ ಕಥೆಗಳನ್ನು ಕನ್ನಡದಲ್ಲಿ ಬರೆದು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳು ಓದಿನ ಮನೆಗಳಿಂದ ಸಿನಿಮಾ ಮಂದಿರಗಳವರೆಗೆ ಹೋದವು. ‘ಕುಲವಧು’ 1963ರಲ್ಲಿ ಚಿತ್ರವಾಯಿತು.

ಆದರೆ ರೀಜೆನ್ಸಿ ಕಥೆಯ ಗಂಟನ್ನು ಅತ್ಯಂತ ನೇರವಾಗಿ ಬಿಚ್ಚಿದ ಕನ್ನಡ ಕಾದಂಬರಿಯೆಂದರೆ ತ್ರಿವೇಣಿಯವರ ‘ಬೆಳ್ಳಿಮೋಡ’. ಎಸ್ಟೇಟಿನ ಏಕೈಕ ವಾರಸುದಾರಳೆಂದು ಇಂದಿರೆಯ ಕೈ ಹಿಡಿಯಲು ಒಪ್ಪಿದವನು, ಅವಳಿಗೆ ತಮ್ಮನೊಬ್ಬ ಹುಟ್ಟಿ ಆಸ್ತಿಯ ಆಸೆ ಹೋದೊಡನೆ ಹಿಂದೆಗೆಯುತ್ತಾನೆ. ಕೊನೆಗೆ ಅವನೇ ಪಶ್ಚಾತ್ತಾಪಪಟ್ಟು ಬಂದಾಗ ಅವಳು ಒಪ್ಪುವುದಿಲ್ಲ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಿತ್ರವಾಗಿಸಿದರು. ಇಂಗ್ಲಿಷ್ ಕಾದಂಬರಿಯಲ್ಲಿ ಮೊದಲ ‘ಒಲ್ಲೆ’ ಕೊನೆಯಲ್ಲಿ ‘ಹೂಂ’ ಆಗಲೇಬೇಕು. ಡ್ಯೂಕ್ ತಿದ್ದಿಕೊಳ್ಳುತ್ತಾನೆ, ಮಹಲು ಅವಳದಾಗುತ್ತದೆ. ತ್ರಿವೇಣಿಯವರಲ್ಲಿ ‘ಒಲ್ಲೆ’ ಒಲ್ಲೆಯಾಗಿಯೇ ಉಳಿಯುತ್ತದೆ. ಒಂದು ಓದುಗರ ಆಸೆಯನ್ನು ಪೂರೈಸುವ ಕಥೆ, ಇನ್ನೊಂದು ಅವರ ಮಾನವನ್ನು ಕಾಯುವ ಕಥೆ. ಎರಡೂ ಬೇಕೆನಿಸುವುದು ಸಹಜ.

ಇಂಗ್ಲಿಷ್ ಕಾದಂಬರಿಗಳ ಒಂದು ಕೊರತೆಯನ್ನು ಮಾತ್ರ ಮರೆಯಬಾರದು. ಡ್ಯೂಕನ ಸಂಪತ್ತು ಎಲ್ಲಿಂದ ಬಂತೆಂದು ಅವುಗಳಲ್ಲಿ ಹೆಚ್ಚಿನವು ಕೇಳುವುದಿಲ್ಲ. ಅವನ ಗೇಣಿದಾರರು ಕಥೆಯಲ್ಲಿ ಟೊಪ್ಪಿಗೆ ತೆಗೆದು ನಮಸ್ಕರಿಸುವಷ್ಟು ಹೊತ್ತು ಮಾತ್ರ ಇರುತ್ತಾರೆ. ವೆಸ್ಟ್ ಇಂಡೀಸಿನ ಗುಲಾಮರ ಕಬ್ಬಿನ ತೋಟಗಳು, ಹಿಂದೂಸ್ಥಾನದಿಂದ ಹೋದ ಹಣ ಮುಖಪುಟದ ಮಹಲಿನ ಗೋಡೆಗಳ ಹಿಂದೆಯೇ ಉಳಿಯುತ್ತವೆ.

ಕಾಯಿದೆ ಬಂದ ಮೇಲೆ

ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ಮುಂಬಯಿ ಸರ್ಕಾರ 1950ರ ಕಾಯಿದೆಯಿಂದ ರದ್ದುಮಾಡಿತು. ಬೆಳಗಾವಿ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಉಳಿದ ಗ್ರಾಮ ಹುದ್ದೆಗಳ ವತನಗಳೂ 1961ರ ಕಾಯಿದೆಯಿಂದ ಹೋದವು. ಅದೇ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಕೊಡಲಿಲ್ಲ. ಗಡಿಯ ಎರಡೂ ಕಡೆ, ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ, ಒಂದೇ ವರ್ಷ, 1994ರಲ್ಲಿ, ಆ ಹಕ್ಕು ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಬಂಧನೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು.

ಕಾಗದದ ಮೇಲೆ ಎಂಟೇಲ್ ಸತ್ತಿದೆ, ವತನವೂ ಸತ್ತಿದೆ. ಮನೆಯೊಳಗಿನ ರೂಢಿ ಅಷ್ಟು ಬೇಗ ಸಾಯುವುದಿಲ್ಲ. ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಕಿರಿದಾಗುತ್ತದೆ; ಪಂಚಮಿಗೆ ಕರೆಯಲು ಅಣ್ಣ ಬರುವನೋ ಇಲ್ಲವೋ ಎಂಬ ಅಂಜಿಕೆಯಿಂದಲೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೀಳುವುದುಂಟು. ಕಬ್ಬಿಗೆ ನೀರು ಹರಿದು ಎಕರೆಯ ಬೆಲೆ ಏರಿದ ನಾಡಿನಲ್ಲಿ ಆ ಸಹಿಯ ಬೆಲೆಯೂ ಏರಿದೆ.

ಮೂರನೇ ಕೈಗೆ ಬಂದ, ಮುಖಪುಟ ಮಾಸಿದ ಆ ಇಂಗ್ಲಿಷ್ ಕಾದಂಬರಿಯನ್ನು ಹೊತ್ತು ಕಳೆಯುವ ಓದು ಎಂದು ತಳ್ಳಿಹಾಕುವವರು ಉಂಟು. ಅದರಲ್ಲಿ ಕನಸು ಹೆಚ್ಚು, ಚರಿತ್ರೆ ಕಡಿಮೆ ಎಂಬುದೂ ನಿಜ. ಆದರೂ ಹೆಣ್ಣೊಬ್ಬಳು ಮನೆ, ಹೊಲ, ಮದುವೆ ಮೂರರ ಲೆಕ್ಕವನ್ನೂ ತಿಳಿದು, ತನ್ನ ಬಾಯಿಂದಲೇ ಒಲ್ಲೆ ಅಥವಾ ಹೂಂ ಎನ್ನುವ ಕಥೆಯದು. ಆ ಮಾತನ್ನು ನಿರ್ಭಯವಾಗಿ ಆಡಲು ಡ್ಯೂಕನ ಮಹಲು ಬೇಕಾಗಿಲ್ಲ. ಉತಾರೆಯಲ್ಲಿ ತನ್ನ ಹೆಸರಿದ್ದರೆ ಸಾಕು.