ಪ್ರಮಾಣಪತ್ರಕ್ಕೆ ಮುನ್ನ: ತಾಂಡಾ, ಪಂಚಾಯಿತಿ, ಗುಡಿಗಾರರು

ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ ಮೆಂಬರ್ಟೂ ಎಂಬ ಊರಿದೆ. ಮಿಕ್‌ಮಾಕ್ ಮೂಲನಿವಾಸಿಗಳ ಊರು. 1990ರ ದಶಕದ ನಡುವಿನಲ್ಲಿ ಅದರ ಆಡಳಿತ ಸಾಲದಲ್ಲಿತ್ತು, ಊರಿನ ಬಹಳ ಮಂದಿಗೆ ಕೆಲಸವಿರಲಿಲ್ಲ. ಮುಖ್ಯಸ್ಥ ಟೆರಿ ಪಾಲ್ ಮತ್ತು ಸಂಗಡಿಗರು ಮೊದಲು ಲೆಕ್ಕಪತ್ರ ನೇರ ಮಾಡಿದರು, ಆಮೇಲೆ 2002ರಲ್ಲಿ ಐಎಸ್‌ಒ 9001 ಪ್ರಮಾಣಪತ್ರ ಪಡೆದರು. ಮೂಲನಿವಾಸಿಗಳ ಸರ್ಕಾರವೊಂದಕ್ಕೆ ಈ ಪತ್ರ ಸಿಕ್ಕಿದ್ದು ಜಗತ್ತಿನಲ್ಲೇ ಮೊದಲು. ಹೊರಗಿನ ಕಂಪನಿಗಳು ಅವರೊಡನೆ ಕರಾರಿಗೆ ಕೂರಲು ಹಿಂಜರಿಯುತ್ತಿದ್ದವು. ಆ ಹಿಂಜರಿಕೆ ಕಳೆಯಲು ಪತ್ರ ಬೇಕಾಗಿತ್ತು. 2021ರ ಜನವರಿಯ ಹೊತ್ತಿಗೆ ಮೆಂಬರ್ಟೂ ಮುಂದಾಳತ್ವದ ಮಿಕ್‌ಮಾಕ್ ಊರುಗಳ ಕೂಟ ಇನ್ನೊಂದು ಕಂಪನಿಯ ಜೊತೆ ಸೇರಿ ಕ್ಲಿಯರ್‌ವಾಟರ್ ಎಂಬ ಭಾರಿ ಮೀನುಗಾರಿಕೆ ಕಂಪನಿಯನ್ನೇ ಕೊಂಡುಕೊಂಡಿತು.

ಇದನ್ನು ಕೇಳಿದವರಿಗೆ ನಮ್ಮೂರಿಗೂ ಅಂಥದ್ದೊಂದು ಪತ್ರ ತರಿಸೋಣ ಅನ್ನಿಸುವುದು ಸಹಜ. ಶಿಕಾರಿಪುರದ ಲಂಬಾಣಿ ತಾಂಡಾಗಳಿಗೆ, ಸೊರಬದ ಗುಡಿಗಾರರ ಕೇರಿಗೆ ಅದು ಒಗ್ಗುತ್ತದೆಯೇ? ಉತ್ತರ ಹೇಳುವ ಮೊದಲು ಆ ಪತ್ರ ಏನೆಂದು ನೋಡಬೇಕು.

ಐಎಸ್‌ಒ 1947ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಾನಕ ಸಂಸ್ಥೆ, ಕಚೇರಿ ಜಿನೀವಾದಲ್ಲಿ. ಗುಣಮಟ್ಟ ನಿರ್ವಹಣೆಯ 9001 ಎಂಬ ಮಾನಕ ಮೊದಲು ಹೊರಬಿದ್ದದ್ದು 1987ರಲ್ಲಿ. ಅದಕ್ಕೆ ಮಾದರಿ ಬ್ರಿಟನ್ನಿನ 1979ರ ಒಂದು ಮಾನಕ. ಇದು ಸಾಮಾನಿನ ಗುಣವನ್ನು ಅಳೆಯುವುದಿಲ್ಲ. ಸಾಮಾನು ಅಥವಾ ಸೇವೆ ಹೊರಬರುವ ಕ್ರಮವನ್ನು ಅಳೆಯುತ್ತದೆ. ಯಾವ ಕೆಲಸ ಯಾರದು, ಹೇಗೆ ಮಾಡುತ್ತೀರಿ, ಮಾಡಿದ್ದಕ್ಕೆ ದಾಖಲೆ ಎಲ್ಲಿ, ತಪ್ಪಿದಾಗ ಏನು ಮಾಡಿದಿರಿ, ಅದೇ ತಪ್ಪು ಮತ್ತೆ ಆಗದಂತೆ ಏನು ಬದಲಿಸಿದಿರಿ ಎಂದು ಕೇಳುತ್ತದೆ. ಕಳಪೆ ಕುರ್ಚಿಯನ್ನು ಪ್ರತಿಸಲವೂ ಒಂದೇ ಅಚ್ಚಿನಲ್ಲಿ ಮಾಡುವವನಿಗೂ ಪತ್ರ ಸಿಕ್ಕೀತು ಎಂಬ ಕುಹಕ ಹಳೆಯದು. ಅದರಲ್ಲಿ ಅರ್ಧ ಸತ್ಯವಿದೆ. ಕುರ್ಚಿ ಮುರಿಯಿತು ಎಂಬ ದೂರನ್ನು ಬರೆದಿಟ್ಟುಕೊಂಡು ಅದಕ್ಕೆ ಕಾರಣ ಹುಡುಕಲೇಬೇಕೆಂಬ ನಿಯಮವೂ ಅದೇ ಮಾನಕದಲ್ಲಿದೆ ಎನ್ನುವುದು ಉಳಿದರ್ಧ.

ಮೆಂಬರ್ಟೂಗೂ ನಮಗೂ ದೊಡ್ಡ ವ್ಯತ್ಯಾಸವೊಂದಿದೆ. ಅಲ್ಲಿ ಸಮುದಾಯಕ್ಕೆ ತನ್ನದೇ ಸರ್ಕಾರವಿದೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಪ್ರದೇಶವೇ ಇಲ್ಲ, ಹಾಗಾಗಿ 1996ರ ಪೆಸಾ ಕಾಯ್ದೆ ಕೊಡುವ ಸ್ವಂತ ಗ್ರಾಮಾಡಳಿತ ಇಲ್ಲಿನ ಯಾವ ಬುಡಕಟ್ಟಿಗೂ ಇಲ್ಲ. ಲಂಬಾಣಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ತಾಂಡಾದೊಳಗೆ ನಾಯಕ, ಡಾವ, ಕಾರಬಾರಿ ಎಂಬ ಹಿರಿಯರ ವ್ಯವಸ್ಥೆ ಇದೆ. ಮದುವೆ, ಜಗಳ, ಹಬ್ಬಗಳಲ್ಲಿ ಅವರ ಮಾತು ನಡೆಯುತ್ತದೆ. ನಲ್ಲಿ ನೀರು, ಮನೆ ಮಂಜೂರಾತಿ, ಕೂಲಿ ಕೆಲಸದ ಅರ್ಜಿ ಮಾತ್ರ ಗ್ರಾಮ ಪಂಚಾಯಿತಿಯ ಮೇಜಿಗೇ ಹೋಗಬೇಕು. ಆದ್ದರಿಂದ ಇಲ್ಲಿ ಗುಣಮಟ್ಟದ ಯೋಜನೆ ಎಂದರೆ, ತಾಂಡಾಗಳನ್ನು ಒಳಗೊಂಡ ಪಂಚಾಯಿತಿಯ ಯೋಜನೆ ಎಂದೇ ಅರ್ಥ. ನಾಯಕ, ಕಾರಬಾರಿಯರನ್ನು ಬಿಟ್ಟು ಅದನ್ನು ಬರೆದರೆ ಅದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಕಪಾಟಿನಲ್ಲೇ ಉಳಿದೀತು.

ಒಂದು ಅರ್ಜಿಯನ್ನು ಹಿಡಿದು ನೋಡೋಣ. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸ ಕೇಳಿದ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದಿತು. 15 ದಿನ ಎಣಿಸುವುದು ಯಾವತ್ತಿನಿಂದ? ಕೆಲಸ ಕೇಳುವ ನಮೂನೆ 6ನ್ನು ಕೊಟ್ಟ ದಿನದಿಂದ. ತಾಂಡಾದ ಹೆಂಗಸು ಅರ್ಜಿ ಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ಕೈಗೆ ಬಾರದೆ ಮನೆಗೆ ಹೋದರೆ ಕಾನೂನಿನ ಗಡಿಯಾರ ಶುರುವೇ ಆಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಯವರು ಕಬ್ಬು ಕಡಿಯಲು, ಚಿಕ್ಕಮಗಳೂರು-ಕೊಡಗಿನ ಕಾಫಿ ತೋಟಗಳಿಗೆ ಗುಳೆ ಹೋಗುವವರು. ಹೋಗಬೇಕೋ ಉಳಿಯಬೇಕೋ ಎಂದು ತೀರ್ಮಾನಿಸುವ ಆ ಎರಡು ವಾರದಲ್ಲಿ ಆ ಚೀಟಿಯ ಬೆಲೆ ಏನೆಂದು ಯಾವ ಆಡಿಟರೂ ಬಂದು ಹೇಳಬೇಕಾಗಿಲ್ಲ. ಗುಣಮಟ್ಟ ನಿರ್ವಹಣೆಯ ತಿರುಳು ಇದೇ: ಯಾರು ಚೀಟಿ ಕೊಡಬೇಕು, ಅವರು ರಜೆಯಲ್ಲಿದ್ದರೆ ಯಾರು, ಕೊಡದ ದಿನ ಅದು ಯಾರ ಗಮನಕ್ಕೆ ಬರುತ್ತದೆ.

ಪಂಚಾಯಿತಿಗೆ ಇದೆಲ್ಲ ಹೊಸತೇನಲ್ಲ. 2011ರ ಸಕಾಲ ಕಾಯ್ದೆ ಅರ್ಜಿಗೆ ಸಂಖ್ಯೆ ಕೊಟ್ಟು ಗಡುವು ಕಟ್ಟಿತು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಐಎಸ್‌ಒ ಕೇಳುವ ಒಳ ತಪಾಸಣೆಗೆ ಹತ್ತಿರವಾದದ್ದು ಸಾಮಾಜಿಕ ಪರಿಶೋಧನೆ ಮತ್ತು ವರ್ಷಕ್ಕೊಮ್ಮೆ ನಡೆಯುವ ಲೆಕ್ಕಪತ್ರ ಪರಿಶೀಲನೆಯಾದ ಜಮಾಬಂದಿ. ಬಳಕೆದಾರರ ಅಭಿಪ್ರಾಯ ಕೇಳುವುದಕ್ಕೆ ವಾರ್ಡ್ ಸಭೆ, ಗ್ರಾಮ ಸಭೆಗಳಿವೆ. ಇವೆಲ್ಲ ಬೇರೆಬೇರೆ ಇಲಾಖೆಯ ಸುತ್ತೋಲೆಗಳಾಗಿ ಬಂದಿರುವುದರಿಂದ ಒಂದರ ದೂರು ಇನ್ನೊಂದರ ಕಡತಕ್ಕೆ ದಾಟುವುದಿಲ್ಲ. ಯೋಜನೆ ಮಾಡುವವರು ಹೊಸ ರಿಜಿಸ್ಟರ್ ತೆರೆಯುವ ಮೊದಲು ಇರುವ ರಿಜಿಸ್ಟರ್‌ಗಳನ್ನು ಒಂದಕ್ಕೊಂದು ಹೊಲಿಯಬೇಕು. ಸ್ಥಳೀಯ ಸರ್ಕಾರಗಳಿಗೆ 9001ನ್ನು ಹೊಂದಿಸುವ ಬಗೆಗೆ ಐಎಸ್‌ಒ 18091 ಎಂಬ ಮಾರ್ಗದರ್ಶಿಯೇ ಇದೆ, 2014ರಲ್ಲಿ ಬಂದದ್ದು. ಪಕ್ಕದ ಕೇರಳದಲ್ಲಿ ಗ್ರಾಮ ಪಂಚಾಯಿತಿಗಳು ಈ ದಾರಿಯಲ್ಲಿ ನಡೆದಿವೆ. ಅಲ್ಲಿ ಕಿಲಾ ಎಂಬ ತರಬೇತಿ ಸಂಸ್ಥೆ ಕೈಹಿಡಿಯಿತು. ದಾಖಲೆ ಕೊಠಡಿ ಜೋಡಿಸುವುದು, ಬಂದವರಿಗೆ ಕೂರಲು ಜಾಗ ಮಾಡುವುದು ಮುಂತಾದ ಸಣ್ಣ ಕೆಲಸಗಳೂ ಅದರ ಭಾಗವೇ.

ಆದರೆ ಮಾನಕಕ್ಕೆ ಒಂದು ಎಲ್ಲೆ ಇದೆ. ಬಹಳಷ್ಟು ತಾಂಡಾಗಳು ಕಂದಾಯ ಗ್ರಾಮವಾಗಿ ದಾಖಲಾಗದೆ ದಶಕಗಳೇ ಕಳೆದವು. ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಹಕ್ಕು ಕೊಡಲು ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ದು ಸುದ್ದಿಯಾಯಿತು. ಮನೆಯ ಅಡಿಯ ನೆಲ ಇನ್ನೂ ದಾಖಲೆಗೆ ಸೇರದವನಿಗೆ ಪಂಚಾಯಿತಿ ಎಷ್ಟೇ ಚುರುಕಾಗಿ ಕೆಲಸ ಮಾಡಿದರೂ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಸಿಗದು. ‘ಅರ್ಜಿ ತಿರಸ್ಕೃತ, ಗಡುವಿನೊಳಗೆ ವಿಲೇವಾರಿ’ ಎಂದು ಕಡತ ಮುಚ್ಚಿದರೆ ಕಾಗದದ ಮೇಲೆ ಅದು ಉತ್ತಮ ಸೇವೆಯೇ! ಇಂಥ ಅರ್ಜಿಗಳನ್ನು ಬೇರೆಯೇ ಪಟ್ಟಿ ಮಾಡಿ ತಹಶೀಲ್ದಾರರಿಗೆ ಕಳಿಸುವ ಕ್ರಮ ಯೋಜನೆಯಲ್ಲಿ ಇರಬೇಕು.

ಇನ್ನು ಉದ್ದಿಮೆಗಳು. ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಶಿವನೆ ಮರದಲ್ಲೂ ಕೆತ್ತುತ್ತಾರೆ, ಬೆಂಡಿನಿಂದ ಬಾಸಿಂಗವನ್ನೂ ಮಾಡುತ್ತಾರೆ. ಇಬ್ಬರು ಮೂವರು ಕೂತು ಕೆತ್ತುವ ಜಗುಲಿಗೆ ಐಎಸ್‌ಒ ಬೇಕೇ ಎಂದರೆ, ಬೇಡ ಎಂದೇ ನನ್ನ ಅಭಿಪ್ರಾಯ. ಗಂಧದ ಗಣಪತಿಯನ್ನು ಕೊಳ್ಳುವವರಿಗೆ ಎರಡು ಅನುಮಾನ: ಇದು ನಿಜವಾಗಿ ಗಂಧದ ಚೇಗೇ, ಬೇರೆ ಮರಕ್ಕೆ ಎಣ್ಣೆ ಹಚ್ಚಿದ್ದೇ? ಈ ಮರ ಕಾನೂನಿನ ದಾರಿಯಲ್ಲಿ ಬಂದದ್ದೇ? ಜಮೀನಿನಲ್ಲಿ ಬೆಳೆದ ಗಂಧ ಜಮೀನಿನವನದೇ ಎಂದು 2001ರಲ್ಲಿ ಕಾನೂನು ಬದಲಾಗಿದ್ದರೂ ಕಡಿಯಲು, ಸಾಗಿಸಲು ಅನುಮತಿ ಬೇಕು. ಮರ ಕೊಂಡ ರಸೀದಿ, ತೂಕ, ಕೆತ್ತಿ ಉಳಿದ ಚಕ್ಕೆಯ ತೂಕ, ಅದರಿಂದ ಹೊರಬಂದ ಮೂರ್ತಿಗಳ ಲೆಕ್ಕವನ್ನು ಒಂದೇ ಪುಸ್ತಕದಲ್ಲಿಟ್ಟರೆ ಎರಡೂ ಅನುಮಾನಕ್ಕೆ ಅದೇ ಉತ್ತರ. ಕುಶಲಕರ್ಮಿಗಳ ಸಂಘ ಆ ಪುಸ್ತಕದಿಂದ ಪ್ರತಿ ಮೂರ್ತಿಗೂ ಒಂದು ಚೀಟಿ ಕೊಡಬಹುದು.

ತಾಂಡಾದ ಹೆಂಗಸರ ಕಸೂತಿಗೆ ಭೌಗೋಳಿಕ ಗುರುತು ತರೋಣ ಎನ್ನುವವರಿದ್ದಾರೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಆ ಗುರುತು ಬಂದಿದೆ. ಆದರೆ ಆ ಹೆಸರು ಸಂಡೂರಿನ ನೆಲಕ್ಕೆ ಸೇರಿದ್ದು. ಶಿಕಾರಿಪುರದಲ್ಲಿ ಅದೇ ಹೊಲಿಗೆ ಹಾಕಿದರೂ ಆ ಹೆಸರಿನಲ್ಲಿ ಮಾರುವಂತಿಲ್ಲ. ಸಾವಯವ ಬೆಳೆಗಾರರಿಗೆ ಪಿಜಿಎಸ್ ಎಂಬ ವ್ಯವಸ್ಥೆ ಇದೆ: ಕನಿಷ್ಠ ಐವರು ರೈತರು ಗುಂಪು ಕಟ್ಟಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಾಕ್ಷಿ ಹೇಳುತ್ತಾರೆ. ಊರಿಗೆ ಊರೇ ಪರಿಚಿತವಾಗಿರುವ ತಾಂಡಾಕ್ಕೆ ಇದು ಐಎಸ್‌ಒಗಿಂತ ಚೆನ್ನಾಗಿ ಹೊಂದೀತು. ಸಣ್ಣ ತಯಾರಿಕಾ ಘಟಕ ಇದ್ದರೆ ಗುಣಮಟ್ಟದ ಪ್ರಮಾಣಪತ್ರ ಕೊಡುವ ಕೇಂದ್ರದ ಜೆಡ್ ಯೋಜನೆಯ ಕಂಚಿನ ಹಂತದಿಂದ ಶುರುಮಾಡಬಹುದು. ಅತಿ ಸಣ್ಣ ಉದ್ದಿಮೆಗೆ ಶುಲ್ಕದ ಶೇ 80ರಷ್ಟು ಸಹಾಯಧನ ಇಟ್ಟು 2022ರಲ್ಲಿ ಅದನ್ನು ಹೊಸದಾಗಿ ರೂಪಿಸಿದರು.

ಇಷ್ಟಾದ ಮೇಲೂ ಪಂಚಾಯಿತಿಯೊಂದು ಪತ್ರ ಪಡೆಯಲು ಹೊರಟರೆ ಎರಡು ಎಚ್ಚರಿಕೆ ಬೇಕು. ಐಎಸ್‌ಒ ಸಂಸ್ಥೆ ತಾನೇ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವವು ಬೇರೆ ಸಂಸ್ಥೆಗಳು. ಅವುಗಳಿಗೆ ಭಾರತದ ಮಾನ್ಯತಾ ಮಂಡಳಿಯಾದ ಎನ್‌ಎಬಿಸಿಬಿಯ ಅಥವಾ ಅದಕ್ಕೆ ಸಮನಾದ ಮಾನ್ಯತೆ ಇದೆಯೇ ಎಂದು ಮೊದಲು ನೋಡಬೇಕು. ಸಿದ್ಧ ಕೈಪಿಡಿಯಲ್ಲಿ ಊರಿನ ಹೆಸರು ಬದಲಿಸಿ, ವಾರದೊಳಗೆ ಪತ್ರ ಕೊಡುತ್ತೇನೆನ್ನುವವರು ಬಂದರೆ ಚಹಾ ಕೊಟ್ಟು ಕಳಿಸಿಬಿಡಿ. 2015ರ ಆವೃತ್ತಿ ಗುಣಮಟ್ಟ ಕೈಪಿಡಿಯನ್ನು ಕಡ್ಡಾಯವೆನ್ನುವುದೇ ಇಲ್ಲ.

ಎರಡನೆಯದು ಕಾಲದ ಲೆಕ್ಕ. ಪತ್ರದ ಆಯುಷ್ಯ ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ತಪಾಸಣೆ. ನಮ್ಮ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು, ಪಿಡಿಒ ವರ್ಗಾವಣೆಗೆ ಅದೂ ಕಾಯುವುದಿಲ್ಲ. ಪತ್ರ ತಂದವರು ಯಾರೂ ಅದರ ನವೀಕರಣದ ಹೊತ್ತಿಗೆ ಕುರ್ಚಿಯಲ್ಲಿ ಇಲ್ಲದಿರುವುದೇ ಹೆಚ್ಚು. ಹಾಗಾಗಿ ಕ್ರಮವನ್ನು ಬರೆಯುವಾಗ ಬಿಲ್ ಕಲೆಕ್ಟರ್, ಡೇಟಾ ಎಂಟ್ರಿ ಆಪರೇಟರ್, ನೀರುಗಂಟಿ ಇವರನ್ನು ಮೊದಲು ಕೂರಿಸಿಕೊಳ್ಳಬೇಕು; ಹತ್ತಾರು ವರ್ಷ ಅದೇ ಊರಿನಲ್ಲಿ ಉಳಿಯುವವರು ಅವರು. ತಾಂಡಾದ ಪಾಲಿನ ಪುಟವನ್ನು ಸುಗ್ಗಿಗೂ ಗುಳೆಗೂ ನಡುವಿನ ವಾರಗಳಲ್ಲಿ, ಸಂಜೆ ಹೊತ್ತು, ತಾಂಡಾದಲ್ಲೇ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋದವರು ಬರುವುದಿಲ್ಲ, ಸಹಿ ಹಾಕುವವರು ಬೇರೆಯವರೇ ಆಗುತ್ತಾರೆ.