ತೊಗರಿಯ ಕಾಯಿಕೊರಕವೂ ಅದರ ಸಹಜ ಶತ್ರುಗಳೂ

ಹೈದರಾಬಾದಿನ ವಾಯವ್ಯಕ್ಕಿರುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯು ಜೋಳ, ಕಡಲೆ, ತೊಗರಿಗಳೊಡನೆ ಅವುಗಳ ಸಮಾನ ವೈರಿಯಾದ ಕಾಯಿಕೊರಕವನ್ನೂ ದೀರ್ಘಕಾಲ ಅಭ್ಯಸಿಸಿದೆ. ಕಲಬುರಗಿ, ಬೀದರಗಳಿಂದ ಬಂದ ಕನ್ನಡಿಗರಿಗೆ ಇದು ಹೊರಗಿನ ಮಾತಲ್ಲ. 1997-98ರಲ್ಲಿ ಬೀದರ ಜಿಲ್ಲೆಯಲ್ಲಿ ತೊಗರಿ ಕೀಟದ ಪಾಲಾಗಿ, ಔಷಧ ಸಿಂಪಡಿಸಿಯೂ ಫಲ ಕಾಣದೆ, ಸಾಲದ ಹೊರೆಯಲ್ಲಿ ರೈತರು ಪ್ರಾಣ ಕಳೆದುಕೊಂಡರು. ಔಷಧಕ್ಕೆ ಬಗ್ಗದ ಈ ಹುಳುವನ್ನು ಅದರ ಸಹಜ ಶತ್ರುಗಳು ತಡೆಯಬಲ್ಲವೇ ಎಂಬ ಪ್ರಶ್ನೆ ಆದುದರಿಂದ ಬರಿಯ ಶಾಸ್ತ್ರಕುತೂಹಲದ್ದಲ್ಲ.

ತಡೆಯಬಲ್ಲವು, ಆದರೆ ಎಲ್ಲೆಡೆಯಲ್ಲ, ಎಲ್ಲ ಕಾಲಕ್ಕೂ ಅಲ್ಲ. ಟ್ರೈಕೋಗ್ರಾಮವೆಂಬ ಅತಿ ಸೂಕ್ಷ್ಮ ಕಣಜವು ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಟ್ಟು, ಹುಳು ಹೊರಬರುವ ಮೊದಲೇ ಅದನ್ನು ಕೊಲ್ಲುತ್ತದೆ. ಜೋಳದ ತೆನೆಯ ಮೇಲೆ ಈ ಕಾರ್ಯ ಚೆನ್ನಾಗಿ ನಡೆಯುತ್ತದೆ. ತೊಗರಿಯ ಮೇಲೆ ನಡೆಯುವುದು ತೀರ ವಿರಳ. ತೊಗರಿಯ ಹೂಕಾಯಿಗಳ ಮೇಲಿನ ಅಂಟುರೋಮಗಳು ಕಣಜದ ಕಾಲು ಕಟ್ಟುತ್ತವೆ. ಸಾಲುಗಳ ನಡುವೆ ಜೋಳವನ್ನು ಬಿತ್ತಿದರಾಗದೇ ಎಂದು ಕೇಳಬಹುದು. ಮುಂಗಾರು ಜೋಳದ ಕೊಯ್ಲು ಮುಗಿದು ವಾರಗಳು ಕಳೆದ ಬಳಿಕ ತೊಗರಿ ಹೂವಿಗೆ ಬರುತ್ತದೆ. ಅಷ್ಟರಲ್ಲಿ ಕಣಜಕ್ಕೆ ಆಶ್ರಯವೇ ಇರುವುದಿಲ್ಲ.

ಕಡಲೆಯದು ಇನ್ನೊಂದು ಬಗೆ. ಚಳಿಗಾಲದ ಮುಂಜಾವಿನಲ್ಲಿ ರೈತರು ಬಟ್ಟೆ ಹಾಸಿ ಕೂಡಿಸುತ್ತಿದ್ದ ಕಡಲೆಹುಳಿಯೇ ಟ್ರೈಕೋಗ್ರಾಮವನ್ನು ದೂರವಿಡುತ್ತದೆ. ಅಲ್ಲಿ ನೆರವಿಗೆ ಬರುವುದು ಎಳೆಯ ಹುಳುಗಳನ್ನು ಹುಡುಕಿ ಚುಚ್ಚುವ ಕ್ಯಾಂಪೊಲೆಟಿಸ್ ಕಣಜ. ಹುಳು ಬಲಿತರೆ ಅದರಿಂದಲೂ ಪ್ರಯೋಜನವಿಲ್ಲ.

ಈ ಸಂಗತಿಗಳನ್ನು ಸೂತ್ರಕ್ಕೆ ಅಳವಡಿಸುವುದೇ ಗಣಿತೀಯ ಮಾದರಿಯ ಕೆಲಸ. ಕೀಟಗಳ ಬೆಳವಣಿಗೆ ಪಂಚಾಂಗವನ್ನಲ್ಲ, ಉಷ್ಣತೆಯನ್ನು ಅನುಸರಿಸುತ್ತದೆ. ಬೆಳವಣಿಗೆಯ ಕನಿಷ್ಠ ಮಿತಿ 12 ಡಿಗ್ರಿ ಎಂದಿಟ್ಟುಕೊಂಡರೆ, ಸರಾಸರಿ 22 ಡಿಗ್ರಿಯ ದಿನ 10 ಅಂಶಗಳನ್ನೂ 30 ಡಿಗ್ರಿಯ ದಿನ 18 ಅಂಶಗಳನ್ನೂ ಕೂಡಿಸುತ್ತದೆ. ಮೊತ್ತ ನಿಗದಿಯಾದ ಸಂಖ್ಯೆಯನ್ನು ಮುಟ್ಟಿದಾಗ ಒಂದು ಅವಸ್ಥೆ ಮುಗಿಯುತ್ತದೆ. ಹುಳುವಿನ ಮಿತಿಯೂ ಕಣಜದ ಮಿತಿಯೂ ಒಂದೇ ಆಗಿರಬೇಕಾಗಿಲ್ಲ. ಹೀಗಾಗಿ ಹವೆ ತಂಪಾದಂತೆ ಎರಡರ ನಡಿಗೆಯಲ್ಲಿ ಅಂತರ ಬೀಳಬಹುದು. ಕಣಜ ಕೆಲವು ದಿನ ತಡವಾದರೂ ಹುಳು ಬಲಿತು ಕಾಯಿಯೊಳಗೆ ತಲೆಯಿಟ್ಟಿರುತ್ತದೆ.

ಒಂದು ಹೊಲದ ಉಷ್ಣತೆಯನ್ನಷ್ಟೇ ಅಳೆಯುವ ಲೆಕ್ಕಕ್ಕೆ ದೂರದಿಂದ ಗಾಳಿಯೊಡನೆ ಬಂದಿಳಿಯುವ ಪತಂಗಗಳು ಕಾಣವು. ಅವಸರದ ಸಿಂಪಡಣೆಯಿಂದ ಸತ್ತ ಕಣಜಗಳೂ ಕಾಣವು. ಮೋಹಕ ಬಲೆಗೆ ಬಿದ್ದ ಪತಂಗಗಳ ಎಣಿಕೆಯನ್ನೂ ಸಿಂಪಡಣೆಯ ದಿನಾಂಕವನ್ನೂ ಆ ಲೆಕ್ಕದಲ್ಲಿ ಸೇರಿಸಲೇಬೇಕಾಗುತ್ತದೆ.