ಒಂದು ದಿನದಲ್ಲಿ ಕಾಣಬಹುದಾದ ಕೋಟೆಗಳು

ದೀಪಾವಳಿಯ ರಜೆ ಮುಗಿದು ಶಾಲೆ ತೆರೆದೊಡನೆ ವಿದ್ಯಾರ್ಥಿಗಳಿಂದ ಬರುವ ಪ್ರಶ್ನೆ ಒಂದೇ: “ಈ ಸಲ ಯಾವ ಕೋಟೆ?” ಮುಂಬಯಿಯ ಸುತ್ತಮುತ್ತ ಕೋಟೆಗಳಿಗೆ ಬಡತನವಿಲ್ಲ, ಬಡತನವಿರುವುದು ನಮ್ಮ ವೇಳೆಗೆ. ಬೆಳಗ್ಗೆ ಹೊರಟು ಸಂಜೆ ಮನೆ ಸೇರಬೇಕಾದವರಿಗೆ ಎಲ್ಲ ಕೋಟೆಗಳೂ ಒದಗುವುದಿಲ್ಲ. ಆದುದರಿಂದ ಕೋಟೆಯನ್ನು ನೋಡುವುದಕ್ಕೆ ಮೊದಲು ಅದನ್ನು ಆರಿಸುವುದನ್ನು ಕಲಿಯಬೇಕು.

ಈ ಪಾಠವನ್ನು ನಾವು ಕಷ್ಟಪಟ್ಟೇ ಕಲಿತೆವು. ಒಂದು ವರ್ಷ ಕೀರ್ತಿಯೊಂದನ್ನೇ ನೋಡಿ ರಾಯಗಡವನ್ನು ಆರಿಸಿದೆವು. 1674ರಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕ ನಡೆದ ಸ್ಥಳವನ್ನು ಕಾಣಬೇಕೆಂಬ ಹಂಬಲದಲ್ಲಿ ತಪ್ಪೇನಿರಲಿಲ್ಲ; ತಪ್ಪಿದ್ದುದು ನಮ್ಮ ಲೆಕ್ಕದಲ್ಲಿ. ಬೆಟ್ಟದ ಬುಡವನ್ನು ಮುಟ್ಟುವಾಗಲೇ ಮಧ್ಯಾಹ್ನ ಕಳೆದಿತ್ತು. ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಲ್ಲಿ ಮಹಾದ್ವಾರದವರೆಗೆ ಏರುವಷ್ಟರಲ್ಲಿ ಹಿಂತಿರುಗುವ ಹೊತ್ತಾಯಿತು. ಸಿಂಹಾಸನದ ಸ್ಥಳವನ್ನು ಕಾಣದೆಯೇ ಇಳಿದೆವು. ಕಿರಿಯ ತರಗತಿಯ ಹುಡುಗನೊಬ್ಬನು ಮುಂಬಯಿ ಸೇರುವವರೆಗೂ ಮಾತನಾಡಲಿಲ್ಲ. ಅಂದಿನಿಂದ ನಾವು ಒಂದು ನಿಯಮವನ್ನು ಪಾಲಿಸುತ್ತಿದ್ದೇವೆ.

ನಿಯಮವು ಸರಳವಾದುದು. ಮನೆ ಸೇರಬೇಕಾದ ಗಂಟೆಯಿಂದ ಹಿಂದಕ್ಕೆ ಎಣಿಸಬೇಕು. ಬೆಳಗ್ಗೆ 6ಕ್ಕೆ ಹೊರಟು ಸಂಜೆ 7ಕ್ಕೆ ಮರಳುವುದಾದರೆ ಕೈಯಲ್ಲಿರುವುದು 13 ಗಂಟೆ. ಹೋಗುವುದು, ಏರುವುದು, ಇಳಿಯುವುದು, ಬರುವುದು ಇವೆಲ್ಲವನ್ನೂ ಕಳೆದ ಮೇಲೆ ಕೋಟೆಯೊಳಗೆ 3 ಗಂಟೆಯಾದರೂ ಉಳಿಯದಿದ್ದರೆ ಆ ಕೋಟೆಯು ಒಂದು ದಿನದ ಯಾತ್ರೆಗೆ ತಕ್ಕುದಲ್ಲ.

ಇನ್ನು ಕೋಟೆಗಳ ಜಾತಿಯನ್ನು ತಿಳಿಯೋಣ. ಮಹಾರಾಷ್ಟ್ರದಲ್ಲಿ ಬೆಟ್ಟದ ಮೇಲಿನದನ್ನು ಗಿರಿದುರ್ಗವೆಂದೂ, ನೀರಿನ ನಡುವಣದನ್ನು ಜಲದುರ್ಗವೆಂದೂ, ಸಮತಲದ ಮೇಲಿನದನ್ನು ಭುಈಕೋಟವೆಂದೂ ಕರೆಯುತ್ತಾರೆ. ಈ ಕಡೆಯ ಶಬ್ದದಲ್ಲಿ ನಮ್ಮ ‘ಕೋಟೆ’ಯೇ ಅಡಗಿರುವುದನ್ನು ನೀವು ಕಾಣುವಿರಿ. ಒಂದೊಂದು ಜಾತಿಯಿಂದ ಒಂದೊಂದನ್ನು ಆರಿಸಿದರೆ ಅಲ್ಪ ಕಾಲದಲ್ಲಿ ಬಹಳವನ್ನು ಕಲಿಯಬಹುದು.

ಅಭ್ಯಾಸಕ್ಕೆಂದು ಮೊದಲು ಶೀವದ ಕೋಟೆಯನ್ನು ನೋಡಿರಿ. ರೈಲು ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ. ಜೆರಾಲ್ಡ್ ಆಂಜಿಯರ್ ಮುಂಬಯಿಯ ಗವರ್ನರನಾಗಿದ್ದಾಗ, 1669ರಿಂದ 1677ರ ಅವಧಿಯಲ್ಲಿ, ಆಂಗ್ಲರು ಇದನ್ನು ಗುಡ್ಡದ ಮೇಲೆ ಕಟ್ಟಿದರು. ಅವರ ನೆಲ ಅಲ್ಲಿಗೆ ಮುಗಿಯುತ್ತಿತ್ತು. ಆಚೆಯ ಸಾಷ್ಟಿ ದ್ವೀಪವು ಪೋರ್ತುಗೀಜರದಾಗಿತ್ತು. ಶೀವವೆಂದರೆ ಮರಾಠಿಯಲ್ಲಿ ಎಲ್ಲೆ. ದಿನವೂ ರೈಲಿನಲ್ಲಿ ಈ ಎಲ್ಲೆಯನ್ನು ದಾಟುವ ನಮ್ಮಲ್ಲಿ ಎಷ್ಟು ಜನ ಗುಡ್ಡವನ್ನು ತಲೆಯೆತ್ತಿ ನೋಡಿದ್ದಾರೆ?

ಆ ಪೋರ್ತುಗೀಜರ ವೈಭವವನ್ನು ಕಾಣಬೇಕಾದರೆ ವಸಾಯಿಗೆ ಹೋಗಬೇಕು. ದಾದರದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್ಸು, ಏರುವ ಶ್ರಮವಿಲ್ಲ. ಚಿಕ್ಕ ಮಕ್ಕಳಿಗೂ ಇದು ಅನುಕೂಲ. ಗುಜರಾತಿನ ಸುಲ್ತಾನ ಬಹಾದುರ ಶಾಹನು 1534ರ ಒಪ್ಪಂದದಲ್ಲಿ ವಸಾಯಿಯನ್ನು ಪೋರ್ತುಗೀಜರಿಗೆ ಬಿಟ್ಟುಕೊಟ್ಟನು. ಎರಡು ಶತಮಾನ ಆಳಿದವರನ್ನು 1739ರಲ್ಲಿ ಚಿಮಾಜಿ ಅಪ್ಪನ ಸೈನ್ಯವು ಸೋಲಿಸಿತು. ಕೋಟೆಯೊಳಗೊಂದು ಪಟ್ಟಣವೇ ಇತ್ತು. ಮಾಡು ಕಳಚಿದ ಇಗರ್ಜಿಗಳ ನೆಲದಲ್ಲಿ ಪೋರ್ತುಗೀಜ ಅಕ್ಷರಗಳ ಗೋರಿಗಲ್ಲುಗಳು ಇಂದಿಗೂ ಇವೆ. ಅವುಗಳ ಮೇಲೆ ಹೆಸರು ಕೆತ್ತುವ ಚಪಲಕ್ಕೆ ಯಾರೂ ಒಳಗಾಗಬಾರದು.

ಜಲದುರ್ಗಕ್ಕೆ ಅಲಿಬಾಗದ ಕುಲಾಬಾ ಕೋಟೆಯೇ ತಕ್ಕುದು. ಗೇಟ್‌ವೇಯಿಂದ ದೋಣಿಯಲ್ಲಿ ಮಾಂಡವಾ, ಅಲ್ಲಿಂದ ಬಸ್ಸಿನಲ್ಲಿ ಅಲಿಬಾಗ. ಶಿವಾಜಿ ಮಹಾರಾಜರ ಕಡೆಯ ದಿನಗಳಲ್ಲಿ, 1680ರಲ್ಲಿ, ಆರಂಭವಾದ ಈ ಕೋಟೆಯು ಮುಂದೆ ಕಾನ್ಹೋಜಿ ಆಂಗ್ರೆಯ ನೌಕಾಬಲಕ್ಕೆ ನೆಲೆಯಾಯಿತು. ಗೋಡೆಯಲ್ಲಿ ಗಾರೆಯಿಲ್ಲದೆ ಜೋಡಿಸಿದ ದೊಡ್ಡ ಕಲ್ಲುಗಳನ್ನು ಗಮನಿಸಿರಿ. ಅಪ್ಪಳಿಸಿದ ಅಲೆಯ ನೀರು ಸಂದುಗಳಲ್ಲಿ ನುಗ್ಗಿ ತನ್ನ ಬಲವನ್ನು ಕಳೆದುಕೊಳ್ಳುತ್ತದೆ.

ಇಳಿತದ ವೇಳೆಯಲ್ಲಿ ಈ ಕೋಟೆಗೆ ಮರಳಿನ ಮೇಲೆ ನಡೆದೇ ಹೋಗಬಹುದು. ಅಪಾಯವಿರುವುದೂ ಇಲ್ಲಿಯೇ. “ಕಳೆದ ಭಾನುವಾರ ಹನ್ನೊಂದು ಗಂಟೆಗೆ ನಾವು ನಡೆದು ಹೋದೆವು” ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ ಹೊರಡಬಾರದು. ಉಬ್ಬರ ಇಳಿತಗಳ ವೇಳೆಯು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. 7 ದಿನಗಳಿಗೆ 350 ನಿಮಿಷ, ಎಂದರೆ ಆರು ಗಂಟೆಗೆ ಹತ್ತಿರ. ಇಳಿತದಿಂದ ಉಬ್ಬರಕ್ಕೆ ಬೇಕಾಗುವುದೂ ಆರು ಗಂಟೆಗಿಂತ ತುಸು ಹೆಚ್ಚು. ಹಾಗಾದರೆ ಹೋದ ವಾರ ಮರಳಿದ್ದ ವೇಳೆಗೆ ಈ ವಾರ ತುಂಬು ನೀರು! ಆದುದರಿಂದ ಆ ದಿನದ ಉಬ್ಬರದ ಪಟ್ಟಿಯನ್ನು ನೋಡಿ, ದಡದ ಬೆಸ್ತರನ್ನು ಕೇಳಿ, ನೀರು ತಿರುಗುವ ಮೊದಲೇ ದಡ ಸೇರಬೇಕು. ಗಣಿತದ ಇಷ್ಟು ಪಾಠವು ಪ್ರಾಣವನ್ನು ಉಳಿಸಬಲ್ಲದು.

ಕಡೆಯದು ಗಿರಿದುರ್ಗವಾದ ಲೋಹಗಡ. ಲೋಣಾವಳದವರೆಗೆ ರೈಲು, ಅಲ್ಲಿಂದ ಪುಣೆಯ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದು ನಡೆಯಬೇಕು. ಹೋಗಲು 5 ಗಂಟೆ, ಬರಲು 5 ಗಂಟೆ ಹಿಡಿದರೂ 3 ಗಂಟೆ ಉಳಿಯುತ್ತದೆ. ಗಣೇಶ, ನಾರಾಯಣ, ಹನುಮಾನ, ಮಹಾ ಎಂಬ ನಾಲ್ಕು ದ್ವಾರಗಳು ಸುತ್ತಿ ಏರುವ ದಾರಿಯಲ್ಲಿ ಒಂದರ ಹಿಂದೊಂದಿವೆ. ವೈರಿಯ ಸೈನ್ಯವು ನೇರವಾಗಿ ನುಗ್ಗದಂತೆ ಹೂಡಿದ ಯುಕ್ತಿಯಿದು. ರಜೆಯಲ್ಲಿ ಊರಿಗೆ ಹೋಗಿ ಚಿತ್ರದುರ್ಗವನ್ನು ಕಂಡವರಿಗೆ ಇದು ಹೊಸದೆನಿಸದು. 1665ರ ಪುರಂದರ ಒಪ್ಪಂದದಲ್ಲಿ ಮೊಗಲರ ಕೈಸೇರಿದ ಈ ಗಡವನ್ನು ಶಿವಾಜಿ ಮಹಾರಾಜರು 1670ರಲ್ಲಿ ಮರಳಿ ಗೆದ್ದರು. 2025ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ 12 ಮರಾಠಾ ಕೋಟೆಗಳಲ್ಲಿ ಇದೂ ಒಂದು.

ಮಳೆಗಾಲದಲ್ಲಿ ಬೆಟ್ಟದ ಮೆಟ್ಟಿಲುಗಳು ಜಾರುತ್ತವೆ, ಕಡಲು ಕೆರಳಿರುತ್ತದೆ; ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಯೋಗ್ಯವಾದುದು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು.

ಹಾಗಾದರೆ ರಾಯಗಡವನ್ನು ಕೈಬಿಡಬೇಕೆ? ಬೇಡ. ಒಂದು ರಾತ್ರಿ ತಂಗುವ ಏರ್ಪಾಡಿನೊಡನೆ ಎರಡು ದಿನಗಳನ್ನು ಅದಕ್ಕೆ ಮೀಸಲಿಡೋಣ. ಹಾಗೆ ಹೋದ ಮರುವರ್ಷ, ಹಿಂದೆ ಮೌನವಾಗಿ ಮರಳಿದ್ದ ಆ ಹುಡುಗನೇ ಎಲ್ಲರಿಗಿಂತ ಮೊದಲು ಸಿಂಹಾಸನದ ಸ್ಥಳವನ್ನು ಮುಟ್ಟಿ ನಮಗಾಗಿ ಕಾಯುತ್ತ ನಿಂತಿದ್ದನು.